ಬಿಳಿ ಗಾಡಿಯ ಬೆಸುಗೆ

ನಮ್ಮ ಮನೆಯಲ್ಲಿ ಒಂದು ಕಥೆ ಚಾಲ್ತಿಯಲ್ಲಿದೆ. ರಜೆಗೆಂದು ಜೀಪಿನ ಹಿಂದೆ ಕಟ್ಟಿ ಎಳೆಯುವ ಮೊದಲ ಗಾಲಿಮನೆಯನ್ನು ಆರಿಸುವಾಗ ನನ್ನ ಅತ್ತೆ ಅದರೊಳಗೆ ಹಾಲು ಉಕ್ಕಿಸಿದರು, ಆ ಹಾಲು ಮುಂದಿನ ಕೇಡನ್ನು ತೋರಿಸಿಕೊಟ್ಟಿತು, ಹಾಗಾಗಿ ನಾವು ಬಿಳಿ ಗಾಡಿಯನ್ನು ಬಿಟ್ಟು ನೀಲಿಯದನ್ನು ಕೊಂಡು ಬದುಕಿಕೊಂಡೆವು ಎಂಬುದು ಆ ಕಥೆ. ನನ್ನ ಹಿರಿಯ ಮಗಳು ಸಾವಿತ್ರಿ ಅದನ್ನು ತನ್ನ ಮಗಳಿಗೆ ಹೇಳುತ್ತಾಳೆ; ಕೊನೆಯಲ್ಲಿ, ತೀರಿಹೋದ ಅಜ್ಜಿಯನ್ನು ನೆನೆದು ಕೈ ಮುಗಿಯುತ್ತಾಳೆ. ನಾನು ಪಕ್ಕದಲ್ಲೇ ಕುಳಿತು ಕೇಳಿಸಿಕೊಳ್ಳುತ್ತೇನೆ. ಯಾರು ಏನು ಹೇಳಿದರೂ ‘ನೀ ನೋಡಿದ್ಯೇನು’ ಎಂದು ಕೇಳುವ ಚಾಳಿ ನನ್ನದು. ಪುರಾಣ ಹೇಳುವವರನ್ನು ಕೇಳಿ ಬೈಸಿಕೊಂಡಿದ್ದೇನೆ, ಮದುವೆ ಮನೆಗಳಲ್ಲಿ ಕೇಳಿ ನೆಂಟರನ್ನು ಕಳೆದುಕೊಂಡಿದ್ದೇನೆ. ಈ ಒಂದು ಕಥೆಯ ಮುಂದೆ ಮಾತ್ರ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅದಕ್ಕೆ ಕಾರಣವಿದೆ, ಆ ಕಾರಣ ನನಗೆ ಗೌರವ ತರುವಂಥದ್ದಲ್ಲ.

ನಾನು ಹುಟ್ಟಿದ ಮನೆಯ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನೂ ಇಲ್ಲ. ಅಲ್ಲಿ ನಾನು ಉಂಡೆ, ಬೈಸಿಕೊಂಡೆ, ಮದುವೆಯಾಗಿ ಹೊರಟೆ. ಬುದ್ಧಿ ಬಲಿತ ಮನೆಯನ್ನು ಬಾಲ್ಯದ ಮನೆ ಎನ್ನುವುದಾದರೆ, ನನ್ನ ಬಾಲ್ಯದ ಮನೆ ಸಿಕ್ಕಿದ್ದು ನಲವತ್ತು ಹತ್ತಿರವಾದಾಗ, ಗೋವೆಯ ಪರ್ವರಿಯಲ್ಲಿ. ಅದಕ್ಕೆ ಮುಂಚೆ ಬಾಯ್ನಾದ ಕಡಲ ದಂಡೆಯಲ್ಲಿದ್ದೆವು. ಅಲ್ಲಿಯ ಮನೆಗಳನ್ನು ಸರ್ಕಾರದವರು ಕೆಡವಿದ ಮೇಲೆ ಪಾತ್ರೆ, ಹಾಸಿಗೆ, ಅತ್ತೆ, ಇಬ್ಬರು ಹೆಣ್ಣುಮಕ್ಕಳೊಡನೆ ಗುಡ್ಡದ ಮಗ್ಗುಲಿನ ಎರಡು ಕೋಣೆಗಳಿಗೆ ಬಂದೆವು. ಮುಂದಿನ ಕೋಣೆಯಲ್ಲಿ ಮಂಚ, ಹಿಂದಿನದರಲ್ಲಿ ಒಲೆ. ಗಂಡ ಈರಪ್ಪ ಬೆಸುಗೆ ಹಾಕುವ ಕೆಲಸದವನಾದ್ದರಿಂದ ಮನೆಯಲ್ಲಿ ಕಬ್ಬಿಣದ್ದೆಲ್ಲ ಅವನ ಕೈಯದೇ: ಕಿಟಕಿಯ ಸರಳು, ಕೊಡದ ಸ್ಟ್ಯಾಂಡು, ರೊಟ್ಟಿ ಸುಡುವ ಮುಕ್ಕಾಲಿ, ಮಂಚ. ಒಮ್ಮೆ ಕಿಡಿ ಬಡಿದು ಅವನ ಬಲಗಣ್ಣು ಮಂದವಾಗಿತ್ತು. ಹಾಗಾಗಿ ಎರಡು ಬೆರಳಿನಷ್ಟು ದೂರ ಬೆಸೆದು ನಿಲ್ಲುತ್ತಿದ್ದ, ಎಡಗಣ್ಣಿನಿಂದ ನೋಡಿಕೊಳ್ಳುತ್ತಿದ್ದ, ಮತ್ತೆ ಮುಂದುವರಿಯುತ್ತಿದ್ದ. ನಿಂತಲ್ಲೆಲ್ಲ ಬೆಸುಗೆ ಎಡಕ್ಕೆ ಸಣ್ಣ ಕೊಕ್ಕೆಯಾಗಿ ಬಾಗುತ್ತಿತ್ತು. ರೊಟ್ಟಿ ಬೇಯುವವರೆಗೆ ನನ್ನ ಕಣ್ಣಿಗೆ ಬೇರೆ ಕೆಲಸವಿರುತ್ತಿರಲಿಲ್ಲ. ಮುಕ್ಕಾಲಿಯ ಕೊಕ್ಕೆಗಳನ್ನು ನೋಡುತ್ತ ಕೂರುತ್ತಿದ್ದೆ. ಸಾವಿತ್ರಿಯ ಪಾಟಿಯ ಮೇಲೆ ಅಕ್ಷರ ಕಲಿಯಲು ತೊಡಗಿದ್ದು ಆಮೇಲೆ. ನಾನು ಮೊದಲು ಓದಲು ಕಲಿತದ್ದು ಗಂಡನ ಬೆಸುಗೆಯನ್ನು.

ಒಂದು ದಿನ ಮಂಚದ ಕಾಲು ಮುರಿಯಿತು. ಅತ್ತೆ ನಿಂಗವ್ವ ಅದರ ಮೇಲೆ ಕುಳಿತೇ ಇದ್ದರು. ಏಳದೆ, ಮಗನ ಕೆಲಸವನ್ನು ಅಲ್ಲಿಂದಲೇ ಹಂಗಿಸಿದರು.

“ಏನ ಬೆಸುಗಿನೋ ಈರ್ಯಾ ಇದು. ಹಿಟ್ಟಿನ ಅಂಟ ಹಚ್ಚಿದ್ರ ಇನ್ನೆರಡ ದಿನ ಬಾಳತಿತ್ತು.”

“ಬೆಸುಗಿ ನೋಡಬೇ, ಹಂಗ ಐತಿ,” ಎಂದು ಅವನು ಮುರಿದ ಕಾಲನ್ನು ಎತ್ತಿ ತೋರಿಸಿದ. “ಬೆಸುಗಿ ಎಂದೂ ಬಿಡಂಗಿಲ್ಲ. ಕಾದು ಆರಿದ ಮ್ಯಾಲೆ ಬಾಜೂದ ಕಬ್ಬಿಣ ಬಿಡತೈತಿ.”

ಆ ಮಾತನ್ನು ನಾನು ಮರೆಯಲಿಲ್ಲ.

ಗಾಲಿಮನೆ ಏಕೆ ಬೇಕಾಯಿತು ಎಂಬುದನ್ನೂ ಹೇಳಬೇಕು. ಮಳೆ ಹಿಡಿಯುತ್ತಿದ್ದಂತೆ ಕಲಂಗುಟ್‌ನ ಬೀಚು ಬರಿದಾಗುತ್ತದೆ, ಗುಡಿಸಲು ಹೋಟೆಲುಗಳನ್ನು ಬಿಚ್ಚಿಡುತ್ತಾರೆ, ಅತ್ತೆ ಮಾರುತ್ತಿದ್ದ ಮಣಿಸರಗಳ ಗಂಟು ಅಟ್ಟ ಸೇರುತ್ತದೆ. ನಾನು ಮನೆಗೆಲಸ ಮಾಡುತ್ತಿದ್ದ ಫ್ಲ್ಯಾಟಿನವರೂ ಆಗಲೇ ಊರಿಗೆ ಹೋಗುತ್ತಿದ್ದರು. ನಮಗೆ ರಜೆ ಎಂದರೆ ಆ ಹದಿನೈದು ದಿನ, ಮತ್ತು ರಜೆಯ ಜಾಗ ಎಂದರೆ ವಿಜಾಪುರದ ಕಡೆಯ ನನ್ನ ಭಾವನ ಮನೆ. ಅಲ್ಲಿ ನಮಗೆ ದನದ ಗ್ವಾದಲಿಯ ಪಕ್ಕದ ಓಣಿಯಂಥ ಜಾಗ ಕೊಡುತ್ತಿದ್ದರು. ಭಾವನ ಹೆಂಡತಿ, ನನ್ನ ನೆಗೆಣ್ಣಿ, ಬಡಿಸುವ ಸೌಟು ನನ್ನ ಮಕ್ಕಳ ತಟ್ಟೆಯ ಮೇಲೆ ಬಂದಾಗ ಮಾತ್ರ ಅರ್ಧಕ್ಕೇ ನಿಲ್ಲುತ್ತಿತ್ತು. ಎರಡು ವಾರ ನಾನು ಅವಳ ಮನೆಯ ಪಾತ್ರೆ ತೊಳೆದು, ಅವಳ ಜೋಳ ಬೀಸಿ, ಗೋವೆಗೆ ಮರಳಿ ಮೈಕೈ ನೋವಿನಿಂದಲೇ ಕೆಲಸಕ್ಕೆ ಹಾಜರಾಗುತ್ತಿದ್ದೆ. ಹೀಗೊಂದು ವರ್ಷ ಸಣ್ಣ ಮಗಳು ಗೌರಿ, ತೊಟ್ಟಿಲಿನಿಂದ ಬಿದ್ದವಳಂತೆ ಅತ್ತು, ಇನ್ನು ರಜೆ ಬೇಡ ಎಂದಳು. ಆರು ವರ್ಷದ ಮಗು ರಜೆ ಬೇಡ ಎನ್ನುವುದನ್ನು ಕೇಳಿ ಈರಪ್ಪ ಆ ದಿನ ಊಟ ಬಿಟ್ಟ. ಬೀಚಿಗೆ ಬರುವ ಪರದೇಶದವರು ಗಾಡಿಯ ಹಿಂದೆ ಮನೆ ಕಟ್ಟಿಕೊಂಡು ತಿರುಗುವುದನ್ನು ನಾವೆಲ್ಲ ನೋಡಿದ್ದೆವು. ನನ್ನ ತಮ್ಮ ಮಲ್ಲಪ್ಪನ ಬಳಿ ಹಳೆಯ ಜೀಪು ಇತ್ತು. ನಮ್ಮದೇ ಒಲೆ, ನಮ್ಮದೇ ಹಾಸಿಗೆ, ಬಾದಾಮಿಯ ಕೆರೆಯ ದಂಡೆಗೋ ಮತ್ತೆಲ್ಲಿಗೋ ಹೋಗಿ ನಿಲ್ಲುವುದು, ಯಾರ ಸೌಟಿನ ಕೆಳಗೂ ತಟ್ಟೆ ಹಿಡಿಯದಿರುವುದು. ಆಸೆ ಇಷ್ಟೇ.

ಕಲಂಗುಟ್‌ನ ಹಿಂಬದಿಯಲ್ಲಿ ಇನಾಸ್ ಎಂಬಾತನ ಗ್ಯಾರೇಜು ಇತ್ತು. ಈರಪ್ಪ ಆಗಾಗ ಅಲ್ಲಿ ದಿನಗೂಲಿಗೆ ಹೋಗುತ್ತಿದ್ದ. ಮಳೆಗೆ ಮುನ್ನ ಅಂಗಳ ಖಾಲಿ ಮಾಡಬೇಕೆಂದು ಇನಾಸ್ ಎರಡು ಗಾಲಿಮನೆಗಳನ್ನು ಕಡಿಮೆಗೆ ಮಾರಲು ಇಟ್ಟಿದ್ದ. ಒಂದು ನೀಲಿ ತಗಡಿನದು, ಇಲ್ಲೇ ಕಟ್ಟಿದ್ದು, ಹಿಂದೆ ಮೀನು ಸಾಗಿಸುತ್ತಿದ್ದುದರಿಂದ ಬಾಗಿಲು ತೆರೆದರೆ ಮುಖಕ್ಕೆ ವಾಸನೆ ಬಡಿಯುತ್ತಿತ್ತು. ಇನ್ನೊಂದು ಬಿಳಿಯದು, ಪರದೇಶದ ಯಾವುದೋ ಕುಟುಂಬ ಬಿಟ್ಟುಹೋದದ್ದು. ಒಳಗೆ ಸಣ್ಣ ಒಲೆ, ತೊಳೆಯುವ ಬೋಗುಣಿ, ಗೋಡೆಗಂಟಿದ ಎರಡು ಮಂಚ, ಹೂವಿನ ಪರದೆ. ನಾನು ಆ ಬೋಗುಣಿಯ ನಲ್ಲಿಯನ್ನು ತಿರುಗಿಸಿ ನೋಡಿದೆ. ನೀರು ಬರಲಿಲ್ಲ, ಆದರೂ ನಗು ಬಂತು. ಈರಪ್ಪ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ.

“ಬಾಯಿ, ಯೇ ಫಾರಿನ್ ಮಾಲ್ ಹೈ,” ಎಂದ ಇನಾಸ್, ತನಗೆ ಬರುವ ಅಷ್ಟಿಷ್ಟು ಕನ್ನಡಕ್ಕೆ ಹಿಂದಿ ಸೇರಿಸಿ. “ನಿಮ್ಮ ಗಾಂವ್‌ನಲ್ಲಿ ನಿಲ್ಲಿಸಿದ್ರೆ ಪೂರಾ ಮಂದಿ ನೋಡೋಕೆ ಬರ್ತದೆ.”

ಅತ್ತೆ ಗಾಡಿಯನ್ನು ಹೊರಗಿನಿಂದ ಒಂದು ಸುತ್ತು ಹಾಕಿ ಬಂದರು.

“ಈ ಮನಿ ಚಲೋ ಬಿಡ. ಕೆಡವಾಕ ಬಂದ್ರ ಎಳಕೊಂಡು ಓಡಬಹುದು.”

ಒಳಗೆ ಬಂದ ಮೇಲೆ ಅವರ ನಗು ನಿಂತಿತು. ಕಪಾಟಿನ ಬಾಗಿಲ ಅಂಚಿನಲ್ಲಿ ಪೆನ್ಸಿಲಿನಿಂದ ಗೆರೆಗಳನ್ನು ಎಳೆದಿದ್ದರು, ಒಂದರ ಮೇಲೊಂದು, ಪ್ರತಿಯೊಂದರ ಪಕ್ಕದಲ್ಲೂ ಏನೋ ಬರಹ. ಯಾವುದೋ ಮಗುವಿನ ಎತ್ತರವನ್ನು ಅಳೆದ ಗುರುತು. ಕೊನೆಯ ಗೆರೆ ಹತ್ತು ವರ್ಷದ ಸಾವಿತ್ರಿಯ ಭುಜಕ್ಕೆ ಬರುತ್ತಿತ್ತು. ಅದರ ಮೇಲೆ ಏನೂ ಇರಲಿಲ್ಲ.

“ಈ ಕೂಸು ಇಲ್ಲಿಗೆ ಯಾಕ ನಿಂತೈತಿ?” ಎಂದು ಅತ್ತೆ ಆ ಗೆರೆಯನ್ನು ಮುಟ್ಟದೆ ಬೆರಳು ತೋರಿಸಿದರು.

“ಊರಿಗೆ ಹೋಗಿರಬೇಕ್ರಿ ಅತ್ತಿ. ಅಲ್ಲಿ ಬ್ಯಾರೆ ಕಪಾಟ ಇರತೈತಿ.”

“ನೀ ನೋಡಿದ್ಯೇನು?” ಎಂದರು ಅವರು, ನನ್ನ ಮಾತನ್ನೇ ನನಗೆ ತಿರುಗಿಸಿ.

ಅತ್ತೆಯ ಸಮಾಧಾನಕ್ಕಾಗಿಯೇ ಹಾಲು ಉಕ್ಕಿಸುವ ಮಾತು ಬಂದದ್ದು. ಹೊಸ ಮನೆಗೆ ಹೋಗುವಾಗ ಹಾಲು ಉಕ್ಕಿಸಿ, ಅದು ಯಾವ ದಿಕ್ಕಿಗೆ ಹರಿಯಿತು ಎಂದು ನೋಡುವುದು ನಮ್ಮಲ್ಲಿ ಉಂಟು. ಮೂಡಣಕ್ಕೆ ಹರಿದರೆ ಒಳ್ಳೆಯದು. ಗಾಲಿಯ ಮನೆಗೂ ಆ ಶಾಸ್ತ್ರ ಸಲ್ಲುತ್ತದೆಯೇ ಎಂದು ನಾನು ಕೇಳುವಷ್ಟರಲ್ಲಿ ಅತ್ತೆ ಎಷ್ಟು ಹಾಲು ಬೇಕೆಂದು ಲೆಕ್ಕ ಹಾಕುತ್ತಿದ್ದರು. ಇನಾಸ್ ನಗುತ್ತಾ ಒಪ್ಪಿದ. ಭಾನುವಾರ ಮುಂಜಾನೆ ಅರಿಶಿನ ಕುಂಕುಮ, ಹೊಸ ಪಾತ್ರೆ, ಹಾಲು ಹೊತ್ತುಕೊಂಡು ಹೋದೆವು. ಗಾಡಿಯೊಳಗೆ ಸೆಖೆ ತುಂಬಿತ್ತು. ಹೊರಗೆ ಮೋಡ ಕಟ್ಟಿತ್ತು, ಆದರೆ ಎಲೆ ಅಲುಗುತ್ತಿರಲಿಲ್ಲ. ಆ ಪುಟ್ಟ ಒಲೆ ಹತ್ತಿಕೊಂಡಿತು. ಹಾಲು ಬಹಳ ಹೊತ್ತು ಸುಮ್ಮನಿದ್ದು, ಒಮ್ಮೆಗೇ ಎದ್ದು, ಕಟ್ಟೆಯಿಂದ ನೆಲಕ್ಕೆ ಇಳಿಯಿತು. ಇಳಿದದ್ದು ಹರಡಲಿಲ್ಲ. ಯಾರೋ ಕರೆದಂತೆ ನೇರವಾಗಿ ಹಿಂದಿನ ಎಡಮೂಲೆಗೆ ಓಡಿ, ಮಂಚದ ಕೆಳಗೆ ನುಸುಳಿ ಮಾಯವಾಯಿತು.

“ಮೂಡಣಕ್ಕ ಹೋತು,” ಎಂದು ಅತ್ತೆ ಕೆನ್ನೆ ಬಡಿದುಕೊಂಡರು. “ಇನ್ನ ಮಾತಿಲ್ಲ. ಇದ ನಮ್ಮ ಮನಿ.”

ಎಲ್ಲರೂ ಹಿಗ್ಗಿದರು. ನನಗೆ ಹೊಳೆದದ್ದು ಬೇರೆ. ಸಮನಾದ ನೆಲದ ಮೇಲೆ ಹಾಲು ಹಾಗೆ ಓಡುವುದಿಲ್ಲ. ಆ ಮೂಲೆ ತಗ್ಗಾಗಿತ್ತು. ಜೊತೆಗೆ, ಬೇಸಿಗೆಯಲ್ಲಿ ಮರದ ಸಂದಿಗೆ ಹಾಲು ಇಳಿದರೆ ಮರುದಿನವೇ ಹುಳಿ ನಾತ ಏಳುತ್ತದೆ ಎಂಬುದು ಪಾತ್ರೆ ತೊಳೆದು ಬದುಕುವವಳಿಗೆ ಗೊತ್ತಿರುವ ಸಂಗತಿ. ಗಂಡಸರು ಜೀಪಿನ ಕೊಂಡಿ ಹೊಂದುತ್ತದೆಯೇ ಎಂದು ನೋಡಲು ಹೊರಗೆ ಹೋಗಿದ್ದರು. ನಾನು ಒದ್ದೆ ಬಟ್ಟೆ ಹಿಡಿದು ಮಂಡಿಯೂರಿ ಮಂಚದ ಹಲಗೆಯನ್ನು ಎತ್ತಿದೆ. ಕೆಳಗಿನ ನೆಲ ಕಪ್ಪಗೆ ಊದಿ, ಒಂದು ತುಂಡು ಕೈಗೇ ಎದ್ದು ಬಂತು. ಅದರಡಿ ಗಾಡಿಯ ಭಾರವನ್ನೆಲ್ಲ ಹೊರುವ ಕಬ್ಬಿಣದ ತೊಲೆ ಕಾಣಿಸಿತು. ತೊಲೆಗೆ ಅಡ್ಡಲಾಗಿ ಒಂದು ಬೆಸುಗೆ, ಮೇಲೆ ಕಪ್ಪು ಬಣ್ಣ. ಬಣ್ಣದ ಮೇಲೆ ಹಾಲು ಹರಿದು ಬೆಸುಗೆಯ ಪ್ರತಿ ಉಬ್ಬುತಗ್ಗಿನಲ್ಲೂ ಬೆಳ್ಳಗೆ ನಿಂತಿತ್ತು. ಎರಡು ಬೆರಳಿಗೊಂದು ಕೊಕ್ಕೆ, ಎಡಕ್ಕೆ. ನಾನು ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಕುಳಿತೆ. ಬೆಸುಗೆ ಗಟ್ಟಿಯಾಗಿತ್ತು. ಅದರ ಪಕ್ಕದಲ್ಲೇ, ಬಣ್ಣ ಸೀಳಿಕೊಂಡು, ಕೂದಲೆಳೆಯಷ್ಟು ತೆಳ್ಳಗಿನ ಹೊಸ ಬಿರುಕೊಂದು ತೊಲೆಯ ಅರ್ಧದವರೆಗೆ ಹೋಗಿತ್ತು. ಹಾಲು ಅದರೊಳಗೆ ಸದ್ದಿಲ್ಲದೆ ಇಂಗುತ್ತಿತ್ತು.

ಬೆಳಕಿಗೆ ಏನೋ ಅಡ್ಡ ಬಂತು. ಈರಪ್ಪ ಬಾಗಿಲಲ್ಲಿ ನಿಂತಿದ್ದ.

“ಏಳು,” ಎಂದ. ಅಷ್ಟೇ.

ಮರುದಿನ ಬೆಳಿಗ್ಗೆ ಅತ್ತೆ ನೀರು ತರಲು ಹೋಗಿದ್ದರು, ಮಕ್ಕಳು ಹೊರಗಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಅವನು ಬಂದು ಒಲೆಯೆದುರು ಕೂತ. ನಮ್ಮಿಬ್ಬರ ನಡುವೆ ಆ ಮುಕ್ಕಾಲಿ ಇತ್ತು.

“ನೀ ನೋಡಿದಿ.”

“ನೋಡಿದೆ.”

“ದೀಪಾವಳಿ ಮುಂದ ಇನಾಸ ಕರದಿದ್ದ. ಒಂದ ತೊಲಿ ಸೀಳೈತಿ, ಹೊರಗ ಕಾಣಧಂಗ ಮುಚ್ಚು ಅಂದ. ಯಾರಿಗೆ ಮಾರತಾನ ಅಂತ ನಾ ಕೇಳಲಿಲ್ಲ.”

“ಮೊನ್ನೆ ಆ ಗಾಡಿ ಮುಂದ ನಿಂತಾಗ ಗೊತ್ತಾಗಿತ್ತಲ್ರಿ?”

ತವೆಯ ಮೇಲೆ ರೊಟ್ಟಿ ಕಪ್ಪಾಯಿತು.

“ನೀ ಆ ನಳ ತಿರುವಿ ನಕ್ಕಿ. ಲಗ್ನ ಆದಾಗಿಂದ ಹಂಗ ನಕ್ಕದ್ದು ನಾ ನೋಡಿದ್ದಿಲ್ಲ. ಆಮ್ಯಾಲೆ ಹೆಂಗ ಹೇಳ್ಲಿ?” ಎಂದ. ಮತ್ತೆ, ತನಗೇ ಹೇಳಿಕೊಳ್ಳುವವನಂತೆ, “ನಾ ಹಾಕಿದ ಬೆಸುಗಿ ಐತಿ. ಬಿಡಂಗಿಲ್ಲ.”

“ಬೆಸುಗಿ ಬಿಡಂಗಿಲ್ಲ. ಬಾಜೂದ ಕಬ್ಬಿಣ ಬಿಡತೈತಿ. ಮಂಚ ಮುರದಾಗ ನೀವ ಹೇಳಿದ್ರಿ. ಈಗ ಬಿಡಾಕ ಹತ್ತೈತಿ, ಕಣ್ಣಾರೆ ನೋಡೇನಿ. ಘಾಟಿನಾಗ ಒಳಗ ಕುಂಡರಾವ್ರು ಯಾರ್ರೀ? ಸಾವಿತ್ರಿ, ಗೌರಿ.”

ಅವನು ತಲೆ ತಗ್ಗಿಸಿದ. ನಾನು ಇನ್ನೊಂದು ಮಾತು ಹೇಳಿದೆ. ಅದನ್ನು ಹೇಳಿದ್ದಕ್ಕೆ ನನಗೆ ಹೆಮ್ಮೆಯಿಲ್ಲ, ಏಕೆಂದರೆ ಹೇಳಿ ಅಲ್ಲಿಗೇ ಬಿಟ್ಟೆ.

“ಇನಾಸಗ ಹೇಳ್ರಿ. ಯಾರಿಗೂ ಮಾರಬ್ಯಾಡ ಅನ್ರಿ.”

“ಹೇಳಿದ್ರ ನಾಳಿಂದ ನನಗ ಆ ಅಂಗಳ ಇಲ್ಲ. ಮುಚ್ಚಿದಾಂವ ಯಾರು ಅಂದ್ರ ನನ್ನ ಹೆಸರ ಬರತೈತಿ. ಮತ್ತ ಗಂಟ ಕಟ್ಟೂಣೇನು?”

ಬಾಯ್ನಾದಲ್ಲಿ ಒಮ್ಮೆ ಗಂಟು ಕಟ್ಟಿದ್ದವಳು ನಾನು. ಕಪ್ಪಾದ ರೊಟ್ಟಿಯನ್ನು ತೆಗೆದಿಟ್ಟು ಇನ್ನೊಂದನ್ನು ಬಡಿಯತೊಡಗಿದೆ.

ಅತ್ತೆಯನ್ನು ಒಪ್ಪಿಸುವುದು ಉಳಿಯಿತು. ಮೂಡಣಕ್ಕೆ ಹರಿದ ಹಾಲನ್ನು ಕಂಡವರಿಗೆ ನೀಲಿ ಗಾಡಿಯೇ ಬೇಕು ಎಂದರೆ ಕಾರಣ ಕೊಡಬೇಕಲ್ಲ. ನಿಜವಾದ ಕಾರಣ ಕೊಟ್ಟರೆ ಮಗನ ಮಾನ ಹೋಗುತ್ತದೆ. ಆ ಸಂಜೆ ಅವರ ಕಾಲು ತಿಕ್ಕುತ್ತ, ಗಂಡನ ಎದುರಿಗೇ, ನಾನು ಹೇಳಿದೆ:

“ಹಾಲು ಮೂಡಣಕ್ಕ ಹೋದದ್ದು ಖರೇ ಐತ್ರಿ ಅತ್ತಿ. ಆದ್ರ ನಿಲ್ಲಲಿಲ್ಲ. ಹಲಗಿ ಎತ್ತಿ ನೋಡಿದೆ. ಪೂರಾ ಒಳಗ ಇಂಗಿತ್ತು.”

ಅತ್ತೆ ಕಾಲು ಹಿಂದೆಳೆದುಕೊಂಡರು. ನಮ್ಮಲ್ಲಿ ಸತ್ತವರನ್ನು ಮಣ್ಣು ಮಾಡಿದ ಮೂರನೆಯ ದಿನ ಗೋರಿಯ ಮೇಲೆ ಹಾಲು ಬಿಡುತ್ತಾರೆ. ಕೆಳಗೆ ಇಂಗುವ ಹಾಲು ಯಾರ ಪಾಲಿನದು ಎಂದು ಅವರಿಗೆ ವಿವರಿಸಬೇಕಾಗಿರಲಿಲ್ಲ. ಕಪಾಟಿನ ಗೆರೆಗಳು ಅವರ ಮನಸ್ಸಿನಲ್ಲಿ ಆಗಲೇ ಇದ್ದವು.

“ಮೀನದ ಗಾಡಿ ತೊಗೊಳ್ರಿ,” ಎಂದರು. “ನಾತ ಬಂದ್ರ ಬರಲಿ.”

ಹೀಗೆ ಹುಟ್ಟಿತು ನಮ್ಮ ಮನೆಯ ಕಥೆ. ಹೆತ್ತವಳು ನಾನೇ. ಮುಂದೆ ಅತ್ತೆ ಅದಕ್ಕೆ ಕೈಕಾಲು ಮೂಡಿಸಿದರು: ಹಾಲು ಕೆಂಪಾಗಿತ್ತೆಂದರು, ಗಾಡಿ ನರಳಿತೆಂದರು. ಸಾಯುವ ಹೊತ್ತಿಗೆ ಅವರಿಗೆ ಅದು ನನ್ನ ಬಾಯಿಂದ ಬಂದದ್ದೆಂಬ ನೆನಪೂ ಇರಲಿಲ್ಲ.

ನೀಲಿ ಗಾಡಿಯನ್ನು ಎಳೆದು ತರಲು ಮುಂದಿನ ಭಾನುವಾರ ಜೀಪಿನಲ್ಲಿ ಹೋದೆವು. ಈರಪ್ಪ ಎರಡು ದಿನ ಅದರ ಅಡಿಯಲ್ಲಿ ಅಂಗಾತ ಮಲಗಿ ಪ್ರತಿ ಪಟ್ಟಿಯನ್ನೂ ಸುತ್ತಿಗೆಯಿಂದ ಬಡಿದು ಕೇಳಿಸಿಕೊಂಡಿದ್ದ. ಅವನೂ ಮಲ್ಲಪ್ಪನೂ ಕೊಂಡಿ ಹಾಕುತ್ತಿದ್ದಾಗ ನಾನು ನೆರಳಿಗೆಂದು ಬಿಳಿ ಗಾಡಿಯ ಪಕ್ಕಕ್ಕೆ ಹೋದೆ. ಒಳಗೆ ಜನರಿದ್ದರು. ಗಂಡ, ಹೆಂಡತಿ, ಎರಡು ಮಕ್ಕಳು. ನನ್ನ ವಯಸ್ಸಿಗಿಂತ ಚಿಕ್ಕವಳು ಆಕೆ, ಕೊಂಕಣಿಯವಳು. ಅವಳೂ ಆ ನಲ್ಲಿಯನ್ನು ತಿರುಗಿಸಿ ನೋಡುತ್ತಿದ್ದಳು. ದೊಡ್ಡ ಮಗಳು ಕಪಾಟಿಗೆ ಬೆನ್ನು ಹಚ್ಚಿ ನೆಟ್ಟಗೆ ನಿಂತಿದ್ದಳು. ಹಿಂದಿನವರ ಕೊನೆಯ ಗೆರೆಗಿಂತ ಒಂದು ಬೆರಳು ಎತ್ತರ. ತಾಯಿ ಗುರುತು ಹಾಕಲು ಏನಾದರೂ ಸಿಗುತ್ತದೆಯೇ ಎಂದು ಸುತ್ತ ನೋಡಿ, ನನ್ನನ್ನು ಕಂಡು ಕೈಸನ್ನೆ ಮಾಡಿದಳು. ನಾನು ಅಕ್ಷರ ತಿದ್ದುತ್ತಿದ್ದ ಪೆನ್ಸಿಲು ನನ್ನ ಕೈಚೀಲದಲ್ಲಿತ್ತು. ಕೊಟ್ಟೆ. ಅವಳು ಗೆರೆ ಎಳೆದಳು. ಆಮೇಲೆ ನಮ್ಮ ಜೀಪನ್ನು ನೋಡಿ ಕೇಳಿದಳು:

“ಬಾಯ್, ತುಮಿ ಹಿ ಗಾಡಿ ಪಳೆಲ್ಲಿ? ಬರಿ ಆಸಾ ಮೂ?”

ನೀವೂ ಈ ಗಾಡಿಯನ್ನು ನೋಡಿದಿರಾ, ಚೆನ್ನಾಗಿದೆ ತಾನೇ ಎಂದು ಕೇಳುತ್ತಿದ್ದಳು. ಈರಪ್ಪ ಕೊಂಡಿಯ ಬಳಿಯಿಂದ ತಲೆಯೆತ್ತಿ ನನ್ನನ್ನು ನೋಡಿದ. ಸ್ವಲ್ಪ ದೂರದಲ್ಲಿ ಇನಾಸ್ ನಿಂತಿದ್ದ. ಮೊದಲ ಹನಿಗಳು ತಗಡಿನ ಮೇಲೆ ಬೀಳತೊಡಗಿದ್ದವು. ನನಗೆ ಬರುತ್ತಿದ್ದ ಕೊಂಕಣಿ ಸಂತೆಯ ಮಟ್ಟಿನದು. ಆದರೂ ತೊಲೆ ಸೀಳಿದೆ ಎನ್ನಲು ಭಾಷೆ ಬೇಕಾಗಿರಲಿಲ್ಲ, ಹಲಗೆಯನ್ನು ಎತ್ತಿ ತೋರಿಸಿದ್ದರೆ ಸಾಕಿತ್ತು.

“ಆಮ್ಕಾಂ ವ್ಹಡ್ ಜಾತಾ,” ಎಂದೆ. ನಮಗೆ ದೊಡ್ಡದಾಗುತ್ತದೆ.

ಅವಳು ನಕ್ಕು, ಹೌದು ನಿಮ್ಮದು ಸಣ್ಣ ಸಂಸಾರ ಎಂಬಂತೆ ತಲೆಯಾಡಿಸಿದಳು. ಪೆನ್ಸಿಲು ಅವಳ ಕೈಯಲ್ಲೇ ಉಳಿಯಿತು.

ಎರಡು ದಿನಗಳ ನಂತರ ಈರಪ್ಪ ಕೆಲಸದಿಂದ ಬಂದು, ಬಿಳಿ ಗಾಡಿ ಅಂಗಳದಲ್ಲಿಲ್ಲ ಎಂದ. ಯಾವ ಕಡೆ ಹೋಯಿತೆಂದು ಇನಾಸನನ್ನು ಕೇಳಲು ಅವನಿಗೆ ಬಾಯಿ ಬಂದಿರಲಿಲ್ಲ. ಆ ವರ್ಷ ನಾವು ಬಾದಾಮಿಗೆ ಹೋದೆವು. ಮೀನಿನ ವಾಸನೆಯ ನಡುವೆ ನನ್ನ ಒಲೆ ಉರಿಯಿತು, ಮಕ್ಕಳು ತಟ್ಟೆ ತುಂಬ ಉಂಡರು, ಅತ್ತೆ ಕೆರೆಯ ಕಡೆ ಮುಖ ಮಾಡಿ ಕೂತು ಊರಿನಲ್ಲಿದ್ದ ನನ್ನ ನೆಗೆಣ್ಣಿಯನ್ನು ಮನಸಾರೆ ಬೈದರು. ಬೇಕೆಂದದ್ದೆಲ್ಲ ಸಿಕ್ಕಿತ್ತು. ಆದರೆ ಘಾಟಿನ ತಿರುವಿನಲ್ಲಿ ಎಲ್ಲಿ ಗಾಡಿ ಕೆಟ್ಟು ನಿಂತಿದ್ದರೂ ಈರಪ್ಪ ಜೀಪು ನಿಲ್ಲಿಸಲು ಹೇಳುತ್ತಿದ್ದ. ಇಳಿದು ಹೋಗಿ, ಕಣಿವೆಯ ಕಡೆ ಬಗ್ಗಿ ನೋಡಿ, ಬಂದು ಕೂರುತ್ತಿದ್ದ. ಅವನು ಬದುಕಿದ್ದಷ್ಟು ವರ್ಷವೂ, ಪ್ರತಿ ರಜೆಯಲ್ಲೂ, ಹೀಗೇ ನಡೆಯಿತು.

ನಾನು ಮಾಡಿದ್ದು ಇನ್ನೊಂದು ಬಗೆಯ ಹುಡುಕಾಟ. ಪರ್ವರಿಯ ಸರ್ಕಲ್ಲಿನಲ್ಲಿ ಬಾಗಲಕೋಟೆಯವನೊಬ್ಬನ ಪಾನ್ ಅಂಗಡಿಗೆ ಕನ್ನಡ ಪತ್ರಿಕೆ ಒಂದು ದಿನ ತಡವಾಗಿ ಬರುತ್ತಿತ್ತು. ಅಲ್ಲಿಯವರೆಗೆ ಮಗಳ ಎರಡನೆಯ ಇಯತ್ತೆಯ ಪಾಠದ ಪುಸ್ತಕವನ್ನೂ ದಾಟಿರದ ನಾನು, ಒತ್ತಕ್ಷರ ಕಂಡರೆ ನಿಲ್ಲುತ್ತಿದ್ದ ನಾನು, ದಿನವೂ ಆ ಪತ್ರಿಕೆಯನ್ನು ಬೇಡಿ ತಂದು ಒಲೆಯ ಮುಂದೆ ಹರಡಿಕೊಂಡೆ. ಕೂಡಿಸಿ ಓದದೆ ಒಂದೇ ನೋಟಕ್ಕೆ ಗುರುತಿಸಿದ ಮೊದಲ ಪದ ‘ಪಲ್ಟಿ’. ಎರಡನೆಯದು ‘ಕಂದಕ’. ಕೊಂಕಣಿಯವರ ಸುದ್ದಿ ಇಲ್ಲಿ ಬರಲಾರದು ಎನ್ನಿಸಿದಾಗ ಮರಾಠಿ ಪತ್ರಿಕೆಗಾಗಿ ದೇವನಾಗರಿ ಕಲಿತೆ. ಸಾವಿತ್ರಿ ತನ್ನ ಅವ್ವ ಸ್ವಂತ ಛಲದಿಂದ ಓದು ಕಲಿತಳೆಂದು ಎಲ್ಲರ ಮುಂದೆ ಹೊಗಳುತ್ತಾಳೆ. ಛಲವೇನೋ ಹೌದು. ಸುದ್ದಿ ಸಿಗಲಿಲ್ಲ. ಅಚ್ಚಾಗದಿದ್ದುದು ನಡೆದೇ ಇಲ್ಲ ಎಂದು ನಂಬುವವಳು ನಾನಲ್ಲ. ನಡೆದಿದೆ ಎನ್ನಲೂ ನನ್ನಲ್ಲಿ ಸಾಕ್ಷಿಯಿಲ್ಲ. ಅವರು ಗಾಡಿಯನ್ನು ಮನೆಯ ಹಿತ್ತಲಲ್ಲೇ ನಿಲ್ಲಿಸಿರಬಹುದು. ಯಾರೋ ಹಲಗೆ ಎತ್ತಿ ನೋಡಿರಬಹುದು. ಈ ‘ಬಹುದು’ಗಳೊಡನೆ ನಾನು ಮುದುಕಿಯಾದೆ.

ಹೋದ ವಾರ ಸಾವಿತ್ರಿ ಮತ್ತೆ ಆ ಕಥೆ ಹೇಳುತ್ತಿದ್ದಳು. ಗೌರಿಯೂ ಬಂದಿದ್ದಳು. ಕೈ ಮುಗಿಯುವ ಘಟ್ಟ ಬಂದಾಗ ಮೊಮ್ಮಗಳು, ಹಿಂದೆ ಯಾರೂ ಕೇಳದಿದ್ದುದನ್ನು ಕೇಳಿದಳು:

“ಹಂಗಾರ ಬಿಳಿ ಗಾಡಿ ಯಾರ ತೊಗೊಂಡ್ರು?”

“ಯಾರೂ ತೊಗೊಳ್ಳಿಲ್ಲವ್ವಾ,” ಎಂದಳು ಗೌರಿ, ಬಟ್ಟೆ ಮಡಚುತ್ತ. “ಗುಜರಿಗೆ ಹೋತು.”

“ನೀ ನೋಡಿದ್ಯೇನು?” ಎಂದೆ.

ಅವಳು ನಕ್ಕಳು, ಅವ್ವನ ಹಳೆಯ ಮಾತು ಎಂದುಕೊಂಡಿರಬೇಕು. ಆಮೇಲೆ ನನ್ನ ಮುಖ ನೋಡಿ ಮಡಚುವುದನ್ನು ನಿಲ್ಲಿಸಿದಳು. ನಾನು ಮೊಮ್ಮಗಳನ್ನು ಹತ್ತಿರ ಕರೆದು ಕೂರಿಸಿಕೊಂಡೆ.

“ನಾ ನೋಡೇನಿ,” ಎಂದೆ. “ಎರಡ ಮಕ್ಕಳಿದ್ವು. ದೊಡ್ಡಾಕಿ ನಿನಗಿಂತ ಇಷ್ಟ ಎತ್ತರ. ಗೆರಿ ಎಳಿಯಾಕ ಪೆನ್ಸಿಲ ಕೊಟ್ಟಾಕಿ ನಾನ.”